ಮಣಿನಗರದಿಂದ ದಂಡಿಗೆ, ಒಬ್ಬರೇ ಸೈಕಲ್ಲಿನಲ್ಲಿ

ಅಹಮದಾಬಾದಿನ ಮಣಿನಗರಕ್ಕೆ ದಕ್ಷಿಣದಲ್ಲಿ, ಹೆಚ್ಚು ದೂರವಿಲ್ಲದ ಕಡೆ ಚಂಡೋಳಾ ಕೆರೆ ಇದೆ. 1930ರ ಮಾರ್ಚ್ 12ರ ಬೆಳಿಗ್ಗೆ ಸಾಬರಮತಿ ಆಶ್ರಮದಿಂದ ಹೊರಟ ಗಾಂಧೀಜಿ, ಬೀಳ್ಕೊಡಲು ಹಿಂದೆ ಬಂದಿದ್ದ ಜನರನ್ನು ಈ ಕೆರೆಯ ಬಳಿ ವಾಪಸ್ ಕಳಿಸಿ, ಆಯ್ದ ಸತ್ಯಾಗ್ರಹಿಗಳೊಡನೆ ಮುಂದಕ್ಕೆ ನಡೆದರು. ಆ ತಂಡದಲ್ಲಿ ಕರ್ನಾಟಕದವರೊಬ್ಬರಿದ್ದರು. ಈಗಿನ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರಿಗೆ ಆಗಿನ್ನೂ 18 ವರ್ಷ. ಅವರು 24 ದಿನಗಳಲ್ಲಿ ನಡೆದು ಮುಗಿಸಿದ 241 ಮೈಲಿಯ ಆ ದಾರಿಯನ್ನು ಇಂದು ಮಣಿನಗರದಿಂದ ಒಬ್ಬರೇ ಸೈಕಲ್ಲಿನಲ್ಲಿ ಒಂದು ವಾರದಲ್ಲಿ ಹೆಚ್ಚುಕಡಿಮೆ ಅನುಸರಿಸಬಹುದು. ಗುಡ್ಡವಿಲ್ಲ, ಘಟ್ಟವಿಲ್ಲ. ಹತ್ತಿಪ್ಪತ್ತು ಕಿಲೋಮೀಟರಿಗೊಂದು ಊರು ಸಿಗುತ್ತದೆ. ದೂರದ ಸೈಕಲ್ ಪ್ರಯಾಣವನ್ನು ಮೊದಲ ಸಲ ಒಬ್ಬರೇ ಮಾಡಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ದಾರಿ ಸಿಗುವುದು ಕಷ್ಟ.

ಇಂಥ ಪ್ರಯಾಣದ ಮಾತು ಬಂದೊಡನೆ ಜನ ಕೇಳುವುದು ದಿನಕ್ಕೆ ಎಷ್ಟು ಕಿಲೋಮೀಟರ್ ತುಳಿಯಬೇಕು, ಯಾವ ಸೈಕಲ್ ಕೊಳ್ಳಬೇಕು ಎಂದು. ಆ ಎರಡೂ ಪ್ರಶ್ನೆಗಳಿಗಿಂತ ಮೊದಲು ಕೇಳಬೇಕಾದದ್ದು ಇನ್ನೊಂದಿದೆ: ಇವತ್ತು ರಾತ್ರಿ ಎಲ್ಲಿ ಮಲಗುತ್ತೇನೆ, ಅದು ಯಾರಿಗೆ ಗೊತ್ತು? ಇದಕ್ಕೆ ಉತ್ತರವಿದ್ದರೆ ಮಿಕ್ಕ ಯೋಜನೆಯೆಲ್ಲ ತಾನಾಗಿ ಕೂಡಿಬರುತ್ತದೆ. ಉತ್ತರವಿಲ್ಲದಿದ್ದರೆ ಎಂಥ ದುಬಾರಿ ಸೈಕಲ್ಲೂ ಸಂಜೆ ಆರು ಗಂಟೆಗೆ ಕೈಕೊಡುತ್ತದೆ.

ದಂಡಿಯ ಯೋಜನೆ ಕಲಿಸುವ ಪಾಠ

ದಂಡಿ ಯಾತ್ರೆ ಎದ್ದು ಹೊರಟ ನಡಿಗೆಯಾಗಿರಲಿಲ್ಲ. ಸರ್ದಾರ್ ಪಟೇಲರು ಮೊದಲೇ ಆ ಭಾಗದ ಹಳ್ಳಿಗಳಲ್ಲಿ ಓಡಾಡಿ ಜನರನ್ನು ಅಣಿಗೊಳಿಸುತ್ತಿದ್ದರು. ಅದೇ ಕೆಲಸದಲ್ಲಿದ್ದಾಗ ಮಾರ್ಚ್ 7ರಂದು ರಾಸ್ ಎಂಬಲ್ಲಿ ಅವರ ಬಂಧನವಾಯಿತು. ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳ ‘ಅರುಣ್ ಟುಕಡಿ’ ಎಂಬ ತಂಡ ಯಾತ್ರೆಗಿಂತ ಮುಂದೆ ಹೋಗಿ ತಂಗುದಾಣದ ಏರ್ಪಾಡು ನೋಡುತ್ತಿತ್ತು. ಗಾಂಧೀಜಿ ಹಳ್ಳಿಗಳವರಿಗೆ ತಮ್ಮ ಬೇಡಿಕೆಯನ್ನು ಮುಂಚೆಯೇ ತಿಳಿಸಿದ್ದರು. ಊಟ ಸರಳವಾಗಿರಲಿ, ಮಲಗಲು ಚೊಕ್ಕ ಜಾಗವಿದ್ದರೆ ಸಾಕು, ಹಾಸಿಗೆ ನಾವೇ ತರುತ್ತೇವೆ ಎಂಬುದು ಅದರ ಸಾರ. ನಡಿಗೆ ದಿನಕ್ಕೆ ಸರಾಸರಿ ಹತ್ತು-ಹನ್ನೆರಡು ಮೈಲಿ. ಸೋಮವಾರ ನಡಿಗೆಯಿಲ್ಲ. ಆಣಂದ್, ಸಾಮನಿ, ದೇಲಾಡ್ ಊರುಗಳಲ್ಲಿ ಮೂರು ಸೋಮವಾರಗಳ ವಿಶ್ರಾಂತಿಯಾಯಿತು.

ಒಂಟಿ ಸವಾರರಿಗೆ ಬೇಕಾದ ನಾಲ್ಕು ನಿಯಮಗಳೂ ಇದರಲ್ಲಿವೆ: ಮುಂದಿನ ಊರಿಗೆ ಮೊದಲೇ ತಿಳಿಸುವುದು, ಕಡಿಮೆ ಕೇಳುವುದು, ಹಾಸಿಗೆ ಹೊತ್ತೊಯ್ಯುವುದು, ವಾರಕ್ಕೊಂದು ದಿನ ನಿಲ್ಲುವುದು. ನಿಮ್ಮ ಮುಂದೆ ಹೋಗುವ ತಂಡವಿಲ್ಲದಿರುವುದರಿಂದ ಆ ಕೆಲಸವನ್ನು ಫೋನಿನಲ್ಲಿ ನೀವೇ ಮಾಡಬೇಕು.

ಯಾವಾಗ ಹೊರಡಬೇಕು

ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಒಳ್ಳೆಯ ಕಾಲ. ಹಗಲಿಗೆ ಹದವಾದ ಬಿಸಿಲು, ರಾತ್ರಿಗೆ ಹೊದಿಕೆ ಬೇಡುವ ಚಳಿ. ಚಳಿಗಾಲದಲ್ಲಿ ಗಾಳಿ ಹೆಚ್ಚಾಗಿ ಉತ್ತರ, ಈಶಾನ್ಯದ ಕಡೆಯಿಂದ ಬೀಸುವುದರಿಂದ ದಕ್ಷಿಣಕ್ಕೆ ಹೋಗುವವರ ಬೆನ್ನಿಗೆ ಬೀಳುತ್ತದೆ. ಬೇಸಿಗೆಯಲ್ಲಿ ಇದೇ ದಾರಿಯಲ್ಲಿ ನೈರುತ್ಯದ ಗಾಳಿ ಎದೆಗೆ ಹೊಡೆಯುತ್ತದೆ. ಅದರ ಮೇಲೆ ಬಿಸಿಲು. 2016ರ ಮೇ 20ರಂದು ಅಹಮದಾಬಾದಿನಲ್ಲಿ 48 ಡಿಗ್ರಿ ದಾಖಲಾಗಿತ್ತು. ಮಾರ್ಚ್ ದಾಟಿದ ಮೇಲೆ ಈ ಪ್ರಯಾಣ ಬೇಡ. ಮಳೆಗಾಲದಲ್ಲಿ ದಕ್ಷಿಣ ಗುಜರಾತಿನ ನದಿಗಳು ತುಂಬಿ ತಗ್ಗಿನ ರಸ್ತೆಗಳು ಮುಳುಗುತ್ತವೆ. ಅದೂ ಬೇಡ.

ಚಳಿಗಾಲದಲ್ಲೂ ತಪ್ಪಿಸಬೇಕಾದ ಒಂದು ವಾರವಿದೆ. ಜನವರಿ 14 ಮತ್ತು 15 ಗುಜರಾತಿನಲ್ಲಿ ಉತ್ತರಾಯಣ, ಗಾಳಿಪಟದ ಹಬ್ಬ. ಗಾಜಿನ ಪುಡಿ ಬಳಿದ ಮಾಂಜಾ ದಾರ ರಸ್ತೆಗೆ ಅಡ್ಡಲಾಗಿ ಜೋತುಬಿದ್ದು ದ್ವಿಚಕ್ರ ಸವಾರರ ಕತ್ತು ಕೊಯ್ದ ಸುದ್ದಿ ಪ್ರತಿ ವರ್ಷ ಬರುತ್ತದೆ. ಹಬ್ಬಕ್ಕೆ ಮುಂಚಿನ ದಿನಗಳಿಂದಲೇ ಅಪಾಯ ಶುರು. ಆ ವಾರ ಪ್ರಯಾಣ ತಪ್ಪಿಸಿ. ತಪ್ಪಿಸಲಾಗದಿದ್ದರೆ ಕತ್ತಿಗೆ ದಪ್ಪ ಬಟ್ಟೆ ಸುತ್ತಿಕೊಂಡು ನಿಧಾನವಾಗಿ ಸಾಗಿ.

ಹಗಲಿನ ಲೆಕ್ಕವನ್ನೂ ಸರಿಯಾಗಿ ಹಾಕಿ. ಜನವರಿಯಲ್ಲಿ ಅಹಮದಾಬಾದಿನಲ್ಲಿ ಸೂರ್ಯ ಹುಟ್ಟುವಾಗ ಏಳು ಕಾಲು ದಾಟಿರುತ್ತದೆ. ಸಂಜೆ ಆರು ದಾಟಿ ಸ್ವಲ್ಪ ಹೊತ್ತಿಗೆ ಮುಳುಗುತ್ತದೆ. ನಾಲ್ಕು ಗಂಟೆಗೆ ತಂಗುವ ಊರು ತಲುಪುವಂತೆ ಯೋಜಿಸಿದರೆ, ಪಂಕ್ಚರಿಗೋ ದಾರಿ ತಪ್ಪಿದ್ದಕ್ಕೋ ಎರಡು ಗಂಟೆ ಕೈಯಲ್ಲಿರುತ್ತದೆ.

ದಾರಿ, ದಿನದಿಂದ ದಿನಕ್ಕೆ

ಮೊದಲು ಒಂದು ಎಚ್ಚರಿಕೆ. ಫೋನಿನ ನಕ್ಷೆಯಲ್ಲಿ ಕಾರಿನ ದಾರಿ ಕೇಳಿದರೆ ಅದು ನಿಮ್ಮನ್ನು ಅಹಮದಾಬಾದ್–ವಡೋದರಾ ಎಕ್ಸ್‌ಪ್ರೆಸ್‌ವೇಗೆ ಹತ್ತಿಸುತ್ತದೆ. ಅಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. ವಡೋದರಾದಿಂದ ಭರೂಚ್ ಕಡೆಗಿನ ಹೊಸ ಎಕ್ಸ್‌ಪ್ರೆಸ್‌ವೇಯ ಕತೆಯೂ ಅದೇ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸೈಕಲ್ ಓಡಿಸಬಹುದಾದರೂ ಲಾರಿಗಳ ಭರಾಟೆ ವಿಪರೀತ. ಸೇತುವೆಗಾಗಿ ಅನಿವಾರ್ಯವಾದ ಕಡೆ ಮಾತ್ರ ಅದನ್ನು ಬಳಸಿ. ಕೆಳಗಿನ ದೂರಗಳೆಲ್ಲ ಅಂದಾಜಿನವು. ಒಟ್ಟು 350 ಕಿ.ಮೀ. ಆಸುಪಾಸು.

ಮೊದಲ ದಿನ: ಮಣಿನಗರ–ನಡಿಯಾದ್, 50ರಿಂದ 55 ಕಿ.ಮೀ. ಇಸನಪುರ, ನಾರೋಲ್ ದಾಟಿದರೆ ಅಸ್ಲಾಲಿ. ಯಾತ್ರೆಯ ಮೊದಲ ರಾತ್ರಿ ಕಳೆದದ್ದು ಇಲ್ಲೇ. ನಾರೋಲಿನ ಲಾರಿ ಸಂದಣಿಯನ್ನು ಬೆಳಕು ಹರಿದ ಮೊದಲ ಗಂಟೆಯಲ್ಲೇ ದಾಟಿಬಿಡಿ. ಮುಂದೆ ಬಾರೇಜಾ, ನವಾಗಾಮ್, ಮಾತರ್, ಡಭಾಣ್ ಹಾದು ನಡಿಯಾದ್. ಪಟೇಲರು ಹುಟ್ಟಿದ ಈ ಊರಿನ ಸಂತರಾಮ್ ಮಂದಿರದಲ್ಲಿ ಗಾಂಧೀಜಿ ತಂಗಿದ್ದರು.

ಎರಡನೆಯ ದಿನ: ನಡಿಯಾದ್–ಆಣಂದ್–ವಾಸದ್–ವಡೋದರಾ, ಸುಮಾರು 60 ಕಿ.ಮೀ. ಇಲ್ಲಿ ಗಾಂಧೀಜಿಯ ದಾರಿಯನ್ನು ಬಿಡಬೇಕಾಗುತ್ತದೆ. ಅವರು ಬೋರಸದ್, ರಾಸ್ ಮೇಲಾಗಿ ಕಂಕಾಪುರಾಕ್ಕೆ ಹೋಗಿ ರಾತ್ರಿ ಹೊತ್ತಿನಲ್ಲಿ ದೋಣಿಯಲ್ಲೂ ಕೆಸರಿನಲ್ಲೂ ಮಹೀ ನದಿ ದಾಟಿದರು. ಸಮುದ್ರದ ಉಬ್ಬರ ಅಲ್ಲಿಯವರೆಗೆ ಬರುತ್ತದೆ, ಹೂಳು ಮೊಳಕಾಲು ಮುಳುಗಿಸುತ್ತದೆ. ಸೈಕಲ್ ಹೊತ್ತು ದಾಟುವ ಸಾಹಸ ಮಾಡಲೇಬೇಡಿ. ಆ ಭಾಗದಲ್ಲಿ ಆಣಂದ್–ವಡೋದರಾ ಜಿಲ್ಲೆಗಳನ್ನು ಕೂಡಿಸುತ್ತಿದ್ದ ಗಂಭೀರಾ ಸೇತುವೆ 2025ರ ಜುಲೈ 9ರಂದು ಕುಸಿದು ಅನೇಕರು ಪ್ರಾಣ ಕಳೆದುಕೊಂಡರು. ಹಳೆಯ ನಕ್ಷೆ, ಹಳೆಯ ಪ್ರವಾಸ ಕಥನ ನಂಬಿ ಆ ಕಡೆ ಹೋಗದೆ ವಾಸದ್ ಬಳಿ ಹೆದ್ದಾರಿಯ ಸೇತುವೆಯಲ್ಲೇ ಮಹೀ ದಾಟಿ. ಹೇಗೂ ವಡೋದರಾ ಸಿಗುತ್ತದೆ. ಸೈಕಲ್ಲಿನ ರಿಪೇರಿ ಏನಿದ್ದರೂ ಇಲ್ಲೇ ಮುಗಿಸಿಕೊಳ್ಳಿ. ಮುಂದಿನ ಎರಡು ದಿನ ದೊಡ್ಡ ಅಂಗಡಿ ಕಾಣುವುದಿಲ್ಲ.

ಮೂರನೆಯ ದಿನ: ವಡೋದರಾ–ಪಾದರಾ–ಜಂಬುಸರ್, ಸುಮಾರು 55 ಕಿ.ಮೀ. ಹತ್ತಿ, ತೊಗರಿ ಬೆಳೆಯುವ ಕಪ್ಪು ಮಣ್ಣಿನ ಬಯಲು. ಜಂಬುಸರಿನಲ್ಲಿ ಮತ್ತೆ ದಂಡಿ ಪಥ ಕೂಡಿಕೊಳ್ಳುತ್ತೀರಿ.

ನಾಲ್ಕನೆಯ ದಿನ: ಜಂಬುಸರ್–ಆಮೋದ್–ಸಾಮನಿ–ಭರೂಚ್, ಸುಮಾರು 50 ಕಿ.ಮೀ. ಹಗುರ ದಿನ. ಮಧ್ಯಾಹ್ನದೊಳಗೆ ನರ್ಮದೆಯ ದಂಡೆ. 1881ರಲ್ಲಿ ಕಟ್ಟಿದ ಗೋಲ್ಡನ್ ಬ್ರಿಡ್ಜ್ ನೋಡಿ. ಅದರ ಮಗ್ಗುಲಲ್ಲೇ 2021ರಲ್ಲಿ ತೆರೆದ ನರ್ಮದಾ ಮೈಯಾ ಸೇತುವೆ ಮರುದಿನ ಅಂಕಲೇಶ್ವರಕ್ಕೆ ದಾಟಲು ಇದೆ. ಹೆದ್ದಾರಿಯ ಸೇತುವೆ ಹುಡುಕಿಕೊಂಡು ಹೋಗಬೇಕಿಲ್ಲ.

ಐದನೆಯ ದಿನ: ಭರೂಚ್–ಅಂಕಲೇಶ್ವರ–ಹಾಂಸೋಟ್–ಓಲ್ಪಾಡ್–ಸೂರತ್, ಸುಮಾರು 80 ಕಿ.ಮೀ. ಎಲ್ಲಕ್ಕಿಂತ ಉದ್ದದ ದಿನ. ಅಂಕಲೇಶ್ವರದ ರಾಸಾಯನಿಕ ಕಾರ್ಖಾನೆಗಳ ಸುತ್ತ ಟ್ಯಾಂಕರುಗಳ ಓಡಾಟ ಜಾಸ್ತಿ. ಹಾಂಸೋಟ್ ಕಡೆಗೆ ತಿರುಗಿದ ಮೇಲೆ ರಸ್ತೆ ತೆರವಾಗುತ್ತದೆ. ಉಪ್ಪು ನೆಲ, ನೆರಳು ಕಡಿಮೆ, ಅಂಗಡಿ ಕಡಿಮೆ. ಅಂಕಲೇಶ್ವರದಲ್ಲೇ ನೀರಿನ ಬಾಟಲಿಗಳನ್ನೆಲ್ಲ ತುಂಬಿಕೊಳ್ಳಿ. ಸಂಜೆಯ ವಾಹನ ಸಂದಣಿಗೆ ಮುನ್ನ ಸೂರತ್ ಸೇರಿ.

ಆರನೆಯ ದಿನ ಸೂರತ್ತಿನಲ್ಲಿ ವಿಶ್ರಾಂತಿ. ಬಟ್ಟೆ ಒಗೆಯಿರಿ, ಚೈನಿಗೆ ಎಣ್ಣೆ ಹಾಕಿ, ಬ್ರೇಕ್ ನೋಡಿ, ಹೊಟ್ಟೆ ತುಂಬ ಉಣ್ಣಿ, ನಿದ್ದೆ ಮಾಡಿ.

ಏಳನೆಯ ದಿನ: ಸೂರತ್–ನವಸಾರಿ–ದಂಡಿ, 50ರಿಂದ 55 ಕಿ.ಮೀ. ದಂಡಿಗೆ ಸ್ವಲ್ಪ ಮುಂಚೆ ಕರಾಡಿ ಸಿಗುತ್ತದೆ. ಉಪ್ಪು ಎತ್ತಿದ ಸುಮಾರು ಒಂದು ತಿಂಗಳಿಗೆ ಗಾಂಧೀಜಿಯನ್ನು ನಡುರಾತ್ರಿ ಬಂಧಿಸಿದ್ದು ಅಲ್ಲಿನ ಗುಡಿಸಲಿನಲ್ಲಿ. ದಂಡಿಯಲ್ಲಿ ಅವರು ತಂಗಿದ್ದ ಸೈಫೀ ವಿಲ್ಲಾ ಇದೆ. 2019ರ ಜನವರಿ 30ರಂದು ಉದ್ಘಾಟನೆಯಾದ ರಾಷ್ಟ್ರೀಯ ಉಪ್ಪಿನ ಸತ್ಯಾಗ್ರಹ ಸ್ಮಾರಕವೂ ಇದೆ. ಗಾಂಧೀಜಿ ಜತೆ ನಡೆದವರ ಆಳೆತ್ತರದ ಪ್ರತಿಮೆಗಳ ಸಾಲು ಅಲ್ಲಿದೆ. ಸ್ಮಾರಕದ ವಾರದ ರಜೆ ಯಾವತ್ತು ಎಂದು ಸೂರತ್ ಬಿಡುವ ಮುನ್ನವೇ ವಿಚಾರಿಸಿಕೊಳ್ಳಿ.

ಡೇರೆ ಎಲ್ಲಿ ಹಾಕಬೇಕು

ಈ ಸೀಮೆಯಲ್ಲಿ ಮಾಲೀಕರಿಲ್ಲದ ನೆಲವೆಂಬುದು ಇಲ್ಲ. ಹೊಲವಿರಲಿ, ಗೋಮಾಳವಿರಲಿ, ಕೇಳದೆ ಡೇರೆ ಹಾಕುವುದು ತಪ್ಪು, ಅಪಾಯವೂ ಹೌದು. ಜನರಿರುವ ಕಡೆ, ಜನರ ಒಪ್ಪಿಗೆ ಪಡೆದು ಮಲಗಿ.

ನಾಲ್ಕು ಗಂಟೆಗೆ ಊರು ಸೇರಿದರೆ ವಿಚಾರಿಸಲು ಸಮಯವಿರುತ್ತದೆ. ಖೇಡಾ, ಆಣಂದ್ ಜಿಲ್ಲೆಗಳ ಹಳ್ಳಿಗಳಲ್ಲಿ ಹಾಲಿನ ಮಂಡಳಿಯೇ ಇದಕ್ಕೆ ಸರಿಯಾದ ಜಾಗ. 1946ರಲ್ಲಿ ಆಣಂದಿನಲ್ಲಿ ಹುಟ್ಟಿದ ಸಹಕಾರ ಸಂಘ ಅಮೂಲ್ ಆಗಿ ಬೆಳೆದದ್ದು ಈ ಮಂಡಳಿಗಳ ಬಲದಿಂದ. ಬೆಳಿಗ್ಗೆ, ಸಂಜೆ ಹಾಲು ಹಾಕಲು ಹೆಂಗಸರು ಗಂಡಸರು ಎಲ್ಲರೂ ಅಲ್ಲಿಗೆ ಬರುತ್ತಾರೆ. ಊರಿಗೆ ಒಬ್ಬ ಹೊಸಬರು ಬಂದಿದ್ದಾರೆಂಬುದು ಹತ್ತು ನಿಮಿಷದಲ್ಲಿ ಎಲ್ಲರಿಗೂ ತಿಳಿಯುತ್ತದೆ, ಅದೇ ನಿಮಗೆ ಕಾವಲು. ಮಂಡಳಿ ಸಿಗದ ಕಡೆ ಸರಪಂಚರನ್ನೋ ಪಂಚಾಯಿತಿಯ ತಲಾಟಿಯನ್ನೋ ಕೇಳಿ. ದೇವಸ್ಥಾನದ ಧರ್ಮಶಾಲೆ, ಪಂಚಾಯಿತಿ ಕಟ್ಟಡದ ಜಗಲಿ, ಶಾಲೆಯ ಅಂಗಳ, ಹೆದ್ದಾರಿ ಬದಿಯ ಢಾಬಾ, ಪೆಟ್ರೋಲ್ ಬಂಕಿನ ಆವರಣ ಇವೆಲ್ಲ ನಡೆಯುತ್ತವೆ. ಗುರುತಿನ ಚೀಟಿಯ ಜೆರಾಕ್ಸ್ ಪ್ರತಿಗಳನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಕೇಳುವುದಕ್ಕೆ ಸ್ವಲ್ಪ ಗುಜರಾತಿ ಸಾಕು. ಹಿರಿಯರಿಗೆ ಕಾಕಾ, ಓರಗೆಯವರಿಗೆ ಭಾಯಿ, ಹೆಂಗಸರಿಗೆ ಬೇನ್. ‘ರಾತ್ ರೋಕಾವಾನೀ ಜಗ್ಯಾ ಮಳ್ಶೇ?’ ಎಂದರೆ ರಾತ್ರಿ ತಂಗಲು ಜಾಗ ಸಿಗುತ್ತದೆಯೇ ಎಂದು. ‘ಪಾಣೀ ಮಳ್ಶೇ?’ ಎಂದರೆ ನೀರು ಸಿಗುತ್ತದೆಯೇ ಎಂದು. ನಿಮ್ಮ ಬಳಿ ಹಾಸಿಗೆ, ಡೇರೆ ಎರಡೂ ಇವೆಯೆಂದು ತೋರಿಸಿ. ಕೇಳುವುದು ಬರೀ ನೆಲ ಎಂದು ತಿಳಿದರೆ ಇಲ್ಲವೆನ್ನುವವರು ಕಡಿಮೆ.

ಡೇರೆ ಹಾಕಬಾರದ ಜಾಗಗಳನ್ನು ಮರೆಯದಿರಿ:

• ಕೆರೆ, ಹೊಳೆಯ ದಡ. ವಡೋದರಾದ ನಡುವೆ ಹರಿಯುವ ವಿಶ್ವಾಮಿತ್ರಿ ನದಿಯಲ್ಲಿ ಮೊಸಳೆಗಳಿವೆ. ಆಣಂದ್, ಖೇಡಾ ಜಿಲ್ಲೆಗಳ ಹಲವು ಊರಕೆರೆಗಳಲ್ಲೂ ಇವೆ. ಮಾಲಾತಜ್ ಎಂಬ ಹಳ್ಳಿ ಈ ಸಹಬಾಳ್ವೆಗೇ ಹೆಸರಾಗಿದೆ. ಊರವರಿಗೆ ಅವುಗಳ ನಡೆ ಗೊತ್ತು, ನಿಮಗೆ ಗೊತ್ತಿಲ್ಲ. ಸ್ನಾನಕ್ಕೂ ಇಳಿಯಬೇಡಿ.

• ಕಬ್ಬಿನ ಗದ್ದೆಯ ಅಂಚು. ದಕ್ಷಿಣ ಗುಜರಾತಿನ ಕಬ್ಬಿನ ತೋಟಗಳಲ್ಲಿ ಚಿರತೆಗಳು ಮರಿ ಹಾಕುತ್ತವೆ.

• ದಂಡಿಯ ಮರಳು. ಉಬ್ಬರ ಎಲ್ಲಿಯವರೆಗೆ ಬರುತ್ತದೆಂದು ಹೊಸಬರಿಗೆ ತಿಳಿಯದು. ಊರೊಳಗೆ ತಂಗಿ, ಹಗಲಿನಲ್ಲಿ ಕಡಲಿಗೆ ಹೋಗಿ.

• ಜಾಲಿ ಪೊದೆಯ ಪಕ್ಕ. ಕಾರಣ ಮುಂದಿದೆ.

ಅಹಮದಾಬಾದ್ ಬಿಟ್ಟ ಮೇಲೆ ಸಿಗುವ ವಡೋದರಾ, ಭರೂಚ್, ಸೂರತ್ ನಗರಗಳಲ್ಲಿ ಡೇರೆಯ ಯೋಚನೆ ಬೇಡ, ಲಾಡ್ಜ್ ಹಿಡಿಯಿರಿ. ಮಿಕ್ಕ ರಾತ್ರಿಗಳಿಗೆ ಡೇರೆ ಸಾಕು.

ಸೈಕಲ್ಲು, ಸಾಮಾನು

ಹೊಸ ಸೈಕಲ್ ಕೊಳ್ಳಬೇಕೆಂದೇನಿಲ್ಲ. ಹಿಂಬದಿಗೆ ಗಟ್ಟಿ ಕ್ಯಾರಿಯರ್ ಕೂರಬೇಕು, ಟೈರಿನ ಅಗಲ 32 ಮಿ.ಮೀ.ಗಿಂತ ಕಡಿಮೆ ಇರಬಾರದು, ಸೀಟಿನ ಎತ್ತರ ನಿಮ್ಮ ಕಾಲಿಗೆ ಹೊಂದಬೇಕು. ಸಾಮಾನನ್ನು ಬೆನ್ನಿಗೆ ಹಾಕಬೇಡಿ, ಎರಡು ದಿನದಲ್ಲಿ ಸೊಂಟ ಹಿಡಿಯುತ್ತದೆ. ಕ್ಯಾರಿಯರಿನ ಎರಡೂ ಬದಿ ತೂಗುವ ಚೀಲಗಳಲ್ಲಿ ಭಾರವನ್ನು ಸಮನಾಗಿ ಹಂಚಿ. ಎಲ್ಲ ಸೇರಿ 12ರಿಂದ 15 ಕಿಲೋ ಒಳಗಿರಲಿ. ಡೇರೆ ಎರಡು ಕಿಲೋ ಆಸುಪಾಸಿನದು, ಗೂಟ ಹೊಡೆಯದೆಯೂ ನಿಲ್ಲುವಂಥದ್ದು ಇರಲಿ. ಸಿಮೆಂಟ್ ಜಗಲಿಯ ಮೇಲೆ ಅದೇ ಉಪಯೋಗಕ್ಕೆ ಬರುವುದು.

ಈ ದಾರಿಯ ದೊಡ್ಡ ಶತ್ರು ನಮಗೆ ಹಳೆಯ ಪರಿಚಯ. ನಾವು ಬಳ್ಳಾರಿ ಜಾಲಿ ಎನ್ನುವ ಗಿಡವನ್ನು ಗುಜರಾತಿನಲ್ಲಿ ಗಾಂಡೋ ಬಾವಳ್ ಎನ್ನುತ್ತಾರೆ. ರಸ್ತೆಬದಿಯಲ್ಲೆಲ್ಲ ಅದರ ಮುಳ್ಳು. ಸೈಕಲ್ಲನ್ನು ಡಾಂಬರಿನಿಂದ ಕೆಳಗಿಳಿಸುವಾಗ ಎತ್ತಿಕೊಂಡು ಹೋಗಿ, ಉರುಳಿಸಬೇಡಿ. ಟೈರಿನೊಳಗೆ ಮುಳ್ಳು ತಡೆಯುವ ಪಟ್ಟಿ ಹಾಕಿಸಿ, ಡೇರೆಯಡಿಗೆ ದಪ್ಪ ತಾಡಪಾಲು ಹಾಸಿ.

ಹಳ್ಳಿಯ ಸೈಕಲ್ ಅಂಗಡಿಗಳಲ್ಲಿ ಸಾಮಾನ್ಯ ಸೈಕಲ್ಲಿನ ಟ್ಯೂಬು ಮಾತ್ರ ಸಿಗುತ್ತದೆ. ನಿಮ್ಮ ಚಕ್ರದ ಅಳತೆಯ ಎರಡು ಟ್ಯೂಬು, ಪಂಕ್ಚರ್ ಕಿಟ್, ಪಂಪು, ಟೈರ್ ಬಿಚ್ಚುವ ಲಿವರು, ಅಲೆನ್ ಕೀ ಗೊಂಚಲು, ಚೈನಿನ ಕೊಂಡಿ, ಬ್ರೇಕ್ ಪ್ಯಾಡು, ಗೇರು ಮತ್ತು ಬ್ರೇಕಿನ ಒಂದೊಂದು ಕೇಬಲ್, ಕಟ್ಟುಹಗ್ಗ ನಿಮ್ಮ ಜತೆಗಿರಲಿ. ಹಿಂದಿನ ಚಕ್ರ ಬಿಚ್ಚಿ ಟ್ಯೂಬು ಬದಲಿಸಿ ಮತ್ತೆ ಕೂರಿಸುವುದು ನಿಮಗೇ ಬರಬೇಕು. ಬರುವವರೆಗೆ ಮನೆಯಲ್ಲೇ ಅಭ್ಯಾಸ ಮಾಡಿ.

ಹೆಲ್ಮೆಟ್, ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ, ಹೊಳೆಯುವ ಮೇಲಂಗಿ ಹಗಲಿನಲ್ಲೂ ಬೇಕು. ಚಳಿಗಾಲದ ಬೆಳಿಗ್ಗೆ ನದಿಗಳ ಹತ್ತಿರ ಮಂಜು ಕವಿಯುವುದುಂಟು. ಮಂಜು ಕರಗುವ ತನಕ ಹೆದ್ದಾರಿಗೆ ಇಳಿಯಬೇಡಿ.

ಊಟ, ನೀರು

ಸ್ಟವ್ ಬೇಡ. ಗ್ಯಾಸ್ ಡಬ್ಬಿಯನ್ನಾಗಲಿ ಬೇರೆ ಉರಿಯುವ ವಸ್ತುವನ್ನಾಗಲಿ ರೈಲಿನಲ್ಲಿ ಒಯ್ಯುವುದು ಅಪರಾಧ. ಒಯ್ಯುವ ಅಗತ್ಯವೂ ಇಲ್ಲ. ಬೆಳಿಗ್ಗೆ ಫಾಫಡಾ, ಗಾಠಿಯಾ, ಖಮನ್, ಮಧ್ಯಾಹ್ನ ದಾಳ್-ಭಾತ್, ರೊಟ್ಲಿ, ಶಾಕ್, ರಾತ್ರಿ ಖಿಚಡಿ-ಕಢಿ ಎಲ್ಲ ಕಡೆ ಸಿಗುತ್ತವೆ. ತುಳಿಯುವ ಹೊತ್ತಿನಲ್ಲಿ ಕರಿದದ್ದು ಕಡಿಮೆ ಮಾಡಿ. ಬಾಳೆಹಣ್ಣು, ಶೇಂಗಾ ಚಿಕ್ಕಿ, ಖರ್ಜೂರ ಚೀಲದಲ್ಲಿರಲಿ. ಸೂರತ್ತಿನಲ್ಲಿ ಚಳಿಗಾಲಕ್ಕೆ ಪೊಂಕ್ ಬರುತ್ತದೆ. ಹಸಿ ಜೋಳದ ತೆನೆ ಸುಟ್ಟು ಉದುರಿಸಿದ ಕಾಳು, ನಮ್ಮ ಉತ್ತರ ಕರ್ನಾಟಕದವರು ಸೀತನಿ ಎನ್ನುವುದೂ ಇದನ್ನೇ. ವಿಶ್ರಾಂತಿಯ ದಿನ ತಪ್ಪದೆ ತಿನ್ನಿ.

ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಕುಡಿಯಿರಿ. ಒಮ್ಮೆಲೇ ಗಟಗಟ ಬೇಡ, ಹದಿನೈದು ನಿಮಿಷಕ್ಕೊಮ್ಮೆ ಗುಟುಕು. ಸೈಕಲ್ಲಿನ ಮೇಲೆ ಮೂರು ಲೀಟರಿಗೆ ಜಾಗವಿರಲಿ. ಬೆವರಿನಲ್ಲಿ ಹೋದ ಉಪ್ಪನ್ನು ತುಂಬಲು ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಛಾಸ್, ಅಂದರೆ ಉಪ್ಪು ಜೀರಿಗೆ ಹಾಕಿದ ನೀರು ಮಜ್ಜಿಗೆ, ಪ್ರತಿ ಊರಲ್ಲೂ ಸಿಗುತ್ತದೆ. ಗುಜರಾತಿನಲ್ಲಿ ಪಾನನಿಷೇಧವಿದೆ ಎಂಬುದನ್ನು ಹೊರರಾಜ್ಯದವರು ನೆನಪಿಡಬೇಕು.

ಒಬ್ಬರೇ ಇದ್ದಾಗಿನ ಸುರಕ್ಷತೆ

ಒಬ್ಬರೇ ಹೋಗುವುದೆಂದರೆ ಯಾರಿಗೂ ಹೇಳದೆ ಹೋಗುವುದಲ್ಲ. ಮನೆಯಲ್ಲೊಬ್ಬರು ನಿಮ್ಮ ದಾರಿಯ ಪಟ್ಟಿಯನ್ನು ಕೈಯಲ್ಲಿ ಹಿಡಿದಿರಬೇಕು. ಹೊರಟಾಗ, ಮಧ್ಯಾಹ್ನ, ತಂಗಿದಾಗ ಮೂರು ಹೊತ್ತು ಅವರಿಗೆ ಸಂದೇಶ ಹೋಗಬೇಕು. ಸಂಜೆ ಏಳರೊಳಗೆ ಸುದ್ದಿ ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕೆಂಬುದನ್ನು ಇಬ್ಬರೂ ಮೊದಲೇ ತೀರ್ಮಾನಿಸಿರಬೇಕು. ಮರುದಿನ ತಂಗುವ ಊರಿನ ಒಬ್ಬರ ನಂಬರನ್ನು ಇಂದಿನ ಊರಿನವರಿಂದಲೇ ಕೇಳಿ ಪಡೆಯಿರಿ. ಹಾಲಿನ ಮಂಡಳಿಯವರಿಗೆ, ಅಂಗಡಿಯವರಿಗೆ ಪಕ್ಕದ ಊರುಗಳಲ್ಲಿ ನೆಂಟರು ಇದ್ದೇ ಇರುತ್ತಾರೆ. ನಿಮ್ಮ ಅರುಣ್ ಟುಕಡಿ ಹೀಗೆ ಊರಿಂದ ಊರಿಗೆ ಕಟ್ಟಿಕೊಳ್ಳುತ್ತ ಹೋಗುತ್ತದೆ.

ಫೋನಿನಲ್ಲಿ ಈ ನಂಬರುಗಳಿರಲಿ: ತುರ್ತು ನೆರವಿಗೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವಿಗೆ 1033. ಗುಜರಾತಿನಲ್ಲಿ ಮಹಿಳೆಯರಿಗಾಗಿ ‘ಅಭಯಂ’ 181 ಇದೆ. ಒಬ್ಬರೇ ಹೋಗುವ ಹೆಣ್ಣುಮಕ್ಕಳು ತಂಗುವ ಜಾಗವನ್ನು ಊರಿನ ಹೆಂಗಸರ ಮೂಲಕ ಕೇಳುವುದು ಲೇಸು. ಮನೆಯೊಳಗೆ ಮಲಗಿ ಎಂದು ಕರೆದರೆ ಒಪ್ಪಿಕೊಳ್ಳಿ. ದಾರಿಯಲ್ಲಿ ಎದುರಾದ ಅಪರಿಚಿತರಿಗೆ ಇಂದು ರಾತ್ರಿ ತಂಗುವ ಊರಿನ ಹೆಸರು ಹೇಳಬೇಕಿಲ್ಲ. ಮಂಡಿ ನೋವೋ ಜ್ವರವೋ ಬಂದರೆ ಹಟ ಬೇಡ. ನಡಿಯಾದ್, ಆಣಂದ್, ವಡೋದರಾ, ಭರೂಚ್, ಅಂಕಲೇಶ್ವರ, ಸೂರತ್, ನವಸಾರಿ ಎಲ್ಲವೂ ಒಂದೇ ರೈಲು ಮಾರ್ಗದ ಮೇಲಿವೆ. ಎಲ್ಲಿಂದ ಬೇಕಾದರೂ ಮನೆಗೆ ಮರಳಬಹುದು.

ತಾಲೀಮು ಮತ್ತು ವಾಪಸು ದಾರಿ

ಹೊರಡುವ ಎರಡು ತಿಂಗಳ ಮುಂಚೆ ಅಭ್ಯಾಸ ಶುರುವಾಗಲಿ. ಮಣಿನಗರದಿಂದ ಅಡಾಲಜ್ ಮೆಟ್ಟಿಲುಬಾವಿಗೆ ಹೋಗಿ ಬಂದರೆ 50 ಕಿ.ಮೀ. ಆಸುಪಾಸು. ಮೊದಲ ವಾರಗಳಿಗೆ ಅಷ್ಟು ಸಾಕು. ನಂತರ ಅದೇ ದಾರಿಯನ್ನು ಪೂರ್ತಿ ಸಾಮಾನು ಹೇರಿಕೊಂಡು ತುಳಿಯಿರಿ. ಕೊನೆಗೆ ಒಂದು ಶನಿವಾರ ಯಾರಾದರೂ ಪರಿಚಯದವರ ಹಳ್ಳಿಗೆ ಹೋಗಿ ಅಂಗಳದಲ್ಲಿ ಡೇರೆ ಹಾಕಿ ಮಲಗಿ, ಭಾನುವಾರ ಮರಳಿ. ಎರಡು ದಿನ ಬೆನ್ನುಬೆನ್ನಿಗೆ ಭಾರ ಹೊತ್ತು ತುಳಿಯಲು ಬಂದರೆ ಏಳು ದಿನವೂ ಬರುತ್ತದೆ. ಯಾವ ವಸ್ತು ಮರೆತಿರಿ, ಯಾವುದು ದಂಡಕ್ಕೆ ಹೊತ್ತಿರಿ ಎಂಬುದೂ ಆ ರಾತ್ರಿ ಗೊತ್ತಾಗುತ್ತದೆ.

ಮರಳಲು ರೈಲು. ಸೈಕಲ್ಲನ್ನು ನಿಮ್ಮ ಟಿಕೆಟ್ಟಿನ ಮೇಲೆ ಲಗೇಜಾಗಿ ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿಸಬೇಕು. ಅದು ಬ್ರೇಕ್ ವ್ಯಾನಿನಲ್ಲಿ ಬರುತ್ತದೆ. ರೈಲು ಹೆಚ್ಚು ಹೊತ್ತು ನಿಲ್ಲುವ ಸೂರತ್ತಿನಂಥ ದೊಡ್ಡ ನಿಲ್ದಾಣದಿಂದ ಹತ್ತಿ, ಅಹಮದಾಬಾದಿನಲ್ಲಿ ಇಳಿಸಿಕೊಳ್ಳಿ. ಎರಡು ಗಂಟೆ ಮುಂಚೆ ಹೋಗಿ, ಪೆಡಲ್ ಬಿಚ್ಚಿ ಚೀಲಕ್ಕೆ ಹಾಕಿ, ಹ್ಯಾಂಡಲ್ ತಿರುಗಿಸಿ ಕಟ್ಟಿ, ಗೇರಿನ ಭಾಗಕ್ಕೆ ರಟ್ಟು ಸುತ್ತಿ. ಹೆಸರು, ನಂಬರು ಬರೆದ ಚೀಟಿಯನ್ನು ಎರಡು ಕಡೆ ಅಂಟಿಸಿ. ಕರ್ನಾಟಕದಿಂದ ಬರುವವರೂ ಸೈಕಲ್ಲನ್ನು ಹೀಗೆಯೇ ತರಬಹುದು.

ಒಮ್ಮೆ ಈ ಕ್ರಮ ಕೈಗೂಡಿದರೆ ಅದು ದಂಡಿಗೆ ಮಾತ್ರ ಸೀಮಿತವಲ್ಲ. 1930ರ ಏಪ್ರಿಲ್ 13ರಂದು ಕರ್ನಾಟಕದ ಉಪ್ಪಿನ ಸತ್ಯಾಗ್ರಹ ಅಂಕೋಲೆಯಲ್ಲಿ ಶುರುವಾಯಿತು. ಮೈಲಾರ ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಗುಂಡಿಗೆ ಬಲಿಯಾದದ್ದು ಹಾವೇರಿಯ ಹೊಸರಿತ್ತಿಯಲ್ಲಿ. ಹೊಸರಿತ್ತಿ, ಮೋಟೆಬೆನ್ನೂರು, ಶಿರಸಿ, ಘಟ್ಟ ಇಳಿದು ಅಂಕೋಲೆ: ಇದೂ ಒಂದು ವಾರದ ರಜೆಯಲ್ಲಿ ಮುಗಿಯುವ ದಾರಿ. ದಂಡಿಯವರೆಗಿನ ಸಮತಟ್ಟು ನೆಲದಲ್ಲಿ ಕಾಲು ಹದಗೊಳಿಸಿಕೊಂಡವರು ಮುಂದಿನ ಚಳಿಗಾಲಕ್ಕೆ ಅದನ್ನು ಆರಿಸಿಕೊಳ್ಳಲಿ. ಆಗಲೂ ಹಾಳೆಯ ಮೇಲೆ ಮೊದಲು ಬರೆಯಬೇಕಾದದ್ದು ತಂಗುವ ಊರುಗಳ ಹೆಸರನ್ನು. ಕಿಲೋಮೀಟರ್ ಅದರ ಪಕ್ಕದಲ್ಲಿ ಬರೆದರಾಯಿತು.